ಮಗುವಿನ ಮೆದುಳಿನಲ್ಲಿ, ಮನೆಯವರ ಮೈಮೇಲೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಸಕ್ಕರೆ ಕಾಯಿಲೆಯನ್ನೋ ಮೊಣಕಾಲು ನೋವನ್ನೋ ಎತ್ತಿಕೊಂಡಿದ್ದರೆ ಇನ್ನೂ ನಾಲ್ಕು ಸಾಲು ಕುರ್ಚಿ ತುಂಬುತ್ತಿತ್ತು ಎಂದು ಸಂಘಟಕರು ಮೆಲ್ಲಗೆ ಹೇಳಿದರು. ನಿಜವೇ. ನಾನು ಆರಿಸಿಕೊಂಡಿರುವುದು ಲಕ್ಷ ಹೆರಿಗೆಯಲ್ಲಿ ಎರಡರಿಂದ ನಾಲ್ಕು ಮಕ್ಕಳಲ್ಲಿ ಕಾಣಿಸುವ ಒಂದು ದೋಷವನ್ನು, ಮತ್ತು ಅದರ ಹತ್ತಿರದ ನೆಂಟರನ್ನು. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಹತ್ತು ಲಕ್ಷ ಮಕ್ಕಳು ಹುಟ್ಟುತ್ತಾರೆ ಎಂದಿಟ್ಟುಕೊಂಡರೂ ಇಡೀ ಕರ್ನಾಟಕಕ್ಕೆ ಇಪ್ಪತ್ತರಿಂದ ನಲವತ್ತು ಮಕ್ಕಳು, ಅಷ್ಟೇ. ಇಷ್ಟು ಅಪರೂಪದ್ದನ್ನು ಸಾರ್ವಜನಿಕ ಸಭೆಗೆ ತರಲು ಒಂದು ಕಾರಣವಿದೆ. ಮೆದುಳಿನ ರಕ್ತನಾಳಗಳ ಈ ಹುಟ್ಟುದೋಷ ಕೆಲವು ಮನೆಗಳಲ್ಲಿ ವಂಶದಲ್ಲಿ ಹರಿದು ಬರುತ್ತದೆ. ಹಾಗೆ ಬಂದಾಗ ಅದರ ಗುರುತು ಮಗುವಿನ ಸ್ಕ್ಯಾನಿಗಿಂತ ಎಷ್ಟೋ ವರ್ಷ ಮೊದಲೇ ಅಪ್ಪನ ಬೆನ್ನಿನ ಮೇಲೋ ಅಜ್ಜಿಯ ತುಟಿಯ ಮೇಲೋ ಇರುತ್ತದೆ. ಅದನ್ನು ನೋಡಲು ಯಂತ್ರ ಬೇಕಿಲ್ಲ, ಬೆಳಕು ಬಂದರೆ ಸಾಕು. ಆದರೂ ನಾವು ನೋಡುವುದಿಲ್ಲ. ಬದಲಿಗೆ ತಪ್ಪು ಯಾರದ್ದು ಎಂಬ ಪಂಚಾಯಿತಿಗೆ ಕೂರುತ್ತೇವೆ.

ಮೊದಲು ದೋಷವೇನು ಎಂಬುದನ್ನು ಹೇಳಿಬಿಡುತ್ತೇನೆ. ಹೃದಯದಿಂದ ಹೊರಟ ರಕ್ತ ಅಪಧಮನಿಗಳಲ್ಲಿ ಒತ್ತಡದಿಂದ ಹರಿಯುತ್ತದೆ, ಕೂದಲಿಗಿಂತ ಸಣ್ಣ ಲೋಮನಾಳಗಳಲ್ಲಿ ಹಂಚಿಹೋಗಿ ನಿಧಾನವಾಗುತ್ತದೆ, ಅಭಿಧಮನಿಗಳಲ್ಲಿ ಸೇರಿ ಹಿಂದಿರುಗುತ್ತದೆ. ಕೆರೆಯ ಕೆಳಗಿನ ಗದ್ದೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ತೂಬಿನಿಂದ ನಾಲೆ, ನಾಲೆಯಿಂದ ಗದ್ದೆಯ ಮಡಿಗಳು, ಮಡಿಗಳಿಂದ ಬಸಿಗಾಲುವೆ. ನಾಲೆ ನಡುವೆ ಒಡೆದು ನೇರವಾಗಿ ಬಸಿಗಾಲುವೆಗೆ ಬಿದ್ದರೆ ಏನಾಗುತ್ತದೆ? ಮಡಿ ಒಣಗುತ್ತದೆ, ಬಸಿಗಾಲುವೆಯ ದಂಡೆ ಕುಸಿಯುತ್ತದೆ, ಕೆರೆಯೂ ಬರಿದಾಗುತ್ತದೆ. ಮಗುವಿನ ತಲೆಯಲ್ಲಿ ಆಗುವುದು ಈ ಮೂರೂ: ಮೆದುಳಿಗೆ ರಕ್ತ ಸಾಲದು, ಅಭಿಧಮನಿ ಉಬ್ಬುತ್ತದೆ, ಹೃದಯ ಸೋಲುತ್ತದೆ.

ಇಂಥ ದೋಷಗಳಲ್ಲಿ ಹಸುಗೂಸುಗಳಿಗೆ ಹೆಚ್ಚು ಮಾರಕವಾದದ್ದು ವೀನ್ ಆಫ್ ಗೇಲನ್ ದೋಷ. ಎರಡನೇ ಶತಮಾನದ ಗ್ರೀಕ್ ವೈದ್ಯ ಗೇಲನ್‌ನ ಹೆಸರು ಹೊತ್ತ, ಮೆದುಳಿನ ನಟ್ಟನಡುವಿನ ದೊಡ್ಡ ಅಭಿಧಮನಿಯ ಜಾಗದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಆದರೆ ಉಬ್ಬಿರುವ ನಾಳ ಅದಲ್ಲ. ಭ್ರೂಣಕ್ಕೆ ಆರು ವಾರವಾಗುವ ಹೊತ್ತಿಗೆ ಮೂಡಿ, ಹನ್ನೊಂದನೇ ವಾರದಷ್ಟೊತ್ತಿಗೆ ಕರಗಿಹೋಗಬೇಕಾದ ಒಂದು ತಾತ್ಕಾಲಿಕ ನಾಳವಿದೆ. ಅದು ಕರಗದೆ ಉಳಿದು, ಅಪಧಮನಿಗಳು ನೇರವಾಗಿ ಅದಕ್ಕೇ ಬಾಯಿ ಕೊಟ್ಟಿರುತ್ತವೆ. ಇದನ್ನು 1989ರಲ್ಲಿ ಶಾರ್ಲ್ ರೇಬೋ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಆರು ಮತ್ತು ಹನ್ನೊಂದನೇ ವಾರದ ನಡುವೆ ಎಂದರೆ, ಎಷ್ಟೋ ಹೆಣ್ಣುಮಕ್ಕಳು ತಾವು ಬಸುರಿ ಎಂದು ಮನೆಯವರಿಗೆ ಇನ್ನೂ ಹೇಳಿರದ ದಿನಗಳು. ಬಾಣಂತಿಯ ತಾಯಿ ನನ್ನನ್ನು ಕೇಳುವ ಪಪ್ಪಾಯಿ, ಆಟೋ ಪ್ರಯಾಣ, ಏಳನೇ ತಿಂಗಳಲ್ಲಿ ಜಾರಿ ಬಿದ್ದದ್ದು, ಗ್ರಹಣದ ದಿನ ಹೊರಗೆ ಬಂದದ್ದು, ಯಾವುದಕ್ಕೂ ಈ ಲೆಕ್ಕದಲ್ಲಿ ಜಾಗವಿಲ್ಲ.

ಹೊಟ್ಟೆಯೊಳಗಿರುವಷ್ಟು ದಿನ ಮಗು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಮಾಸಿನಲ್ಲಿ ರಕ್ತದ ಹರಿವಿಗೆ ತಡೆ ತೀರ ಕಡಿಮೆ. ಹಾಗಾಗಿ ತಲೆಯೊಳಗಿನ ಆ ತಪ್ಪು ದಾರಿಯ ಸೆಳೆತಕ್ಕೆ ಮಾಸಿನ ಸೆಳೆತ ಎದುರಾಳಿಯಾಗಿರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ಎದುರಾಳಿ ಇಲ್ಲವಾಗುತ್ತದೆ, ರಕ್ತ ತಲೆಗೆ ನುಗ್ಗುತ್ತದೆ. ತೀವ್ರವಾದ ಪ್ರಕರಣಗಳಲ್ಲಿ ಹೃದಯ ತಳ್ಳುವ ರಕ್ತದ ನೂರಕ್ಕೆ 80 ಭಾಗದವರೆಗೂ ಮೆದುಳಿನತ್ತಲೇ ಹೋಗಿಬಿಡುತ್ತದೆ. ಮೂತ್ರಪಿಂಡಕ್ಕೆ, ಯಕೃತ್ತಿಗೆ, ಕರುಳಿಗೆ, ಸ್ವತಃ ಹೃದಯದ ಸ್ನಾಯುವಿಗೂ ರಕ್ತ ಸಾಲದು. ಮೂರು ಕಿಲೋ ತೂಕದ ಮಗುವಿನ ಮೈಯಲ್ಲಿ ಇರುವುದೇ ಸುಮಾರು ಕಾಲು ಲೀಟರ್ ರಕ್ತ.

ಆದ್ದರಿಂದ ಈ ಮಗು ನಮ್ಮ ಬಳಿಗೆ ಮೆದುಳಿನ ಕಾಯಿಲೆಯ ಮಗುವಾಗಿ ಬರುವುದಿಲ್ಲ, ಹೃದಯದ ಕಾಯಿಲೆಯ ಮಗುವಾಗಿ ಬರುತ್ತದೆ. ಹುಟ್ಟಿದ ಒಂದೆರಡು ದಿನದಲ್ಲೇ ಏದುಸಿರು, ಹಾಲು ಚೀಪುವಾಗ ಹಣೆಯ ಮೇಲೆ ಬೆವರು, ದೊಡ್ಡದಾದ ಯಕೃತ್ತು. ಎಕೋ ಮಾಡಿದರೆ ಹೃದಯ ಹಿಗ್ಗಿದೆ, ಆದರೆ ಅದರ ಕೋಣೆ, ಕವಾಟ, ಗೋಡೆ ಎಲ್ಲವೂ ಸರಿಯಾಗಿವೆ. ಇಲ್ಲಿಯೇ ಜಾಣ ವೈದ್ಯರು ನಿಲ್ಲುತ್ತಾರೆ. ಹೃದಯದ ರಚನೆ ಸರಿಯಿದ್ದೂ ಅದು ಸೋಲುತ್ತಿದ್ದರೆ ರಕ್ತ ಬೇರೆಲ್ಲೋ ಸೋರಿಹೋಗುತ್ತಿರಬೇಕು. ಕುತ್ತಿಗೆಯ ನಾಳಗಳು ಅಗಲವಾಗಿವೆಯೇ, ತಲೆಯಿಂದ ಮರಳುವ ದೊಡ್ಡ ನಾಳ ಉಬ್ಬಿದೆಯೇ, ಮೈಯ ಕೆಳಭಾಗಕ್ಕೆ ಹೋಗಬೇಕಾದ ರಕ್ತ ಬಡಿತದ ಬಿಡುವಿನಲ್ಲಿ ಮೇಲಕ್ಕೆ ವಾಪಸಾಗುತ್ತಿದೆಯೇ ಎಂದು ನೋಡುತ್ತಾರೆ. ನೋಡದಿದ್ದರೆ ಮಗು 'ಸೋಂಕು' ಎಂಬ ಹೆಸರಿನಲ್ಲಿ ಆ್ಯಂಟಿಬಯೋಟಿಕ್ ಪಡೆಯುತ್ತಲೇ ದಿನ ಕಳೆಯುತ್ತದೆ.

ಇನ್ನೂ ಸುಲಭದ ಪರೀಕ್ಷೆಯೊಂದಿದೆ. ನಮ್ಮ ಅಜ್ಜಿಯರು ದಿನವೂ ಹರಳೆಣ್ಣೆ ಹಚ್ಚುವ ಆ ಮೆತ್ತನೆಯ ನೆತ್ತಿಯ ಮೇಲೆ ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಹಗುರವಾಗಿ ಇಡಿ. ಮಗು ಅಳು ನಿಲ್ಲಿಸುವ ತನಕ ಕಾಯಬೇಕು. ಆಮೇಲೆ ಹೃದಯದ ಪ್ರತಿ ಬಡಿತಕ್ಕೂ ಒಂದು 'ಸೊಂಯ್' ಸದ್ದು ಏರಿ ಇಳಿಯುವುದು ಕೇಳಿದರೆ ಮಗುವನ್ನು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಕೇಳದಿದ್ದರೆ ದೋಷವಿಲ್ಲವೆಂದು ಅರ್ಥವಲ್ಲ. ಆದರೆ ಕೇಳಿದ್ದನ್ನು ಅಲ್ಲಗಳೆಯುವ ಹಾಗಿಲ್ಲ. ನೆತ್ತಿ ತೆರೆದಿರುವುದರಿಂದ ಅದೇ ಜಾಗದಿಂದ ಅಲ್ಟ್ರಾಸೌಂಡ್ ಮಾಡಿ, ಡಾಪ್ಲರ್ ಹಾಕಿದರೆ, ತೊಟ್ಟಿಲ ಪಕ್ಕದಲ್ಲೇ ಉತ್ತರ ಸಿಗುತ್ತದೆ. ಎಮ್ಆರ್‌ಐ ಆಮೇಲಿನ ಮಾತು.

ಸೋರಿಕೆ ಸ್ವಲ್ಪ ಕಡಿಮೆಯಿದ್ದರೆ ಕಥೆ ನಿಧಾನವಾಗಿ ನಡೆಯುತ್ತದೆ. ಮಗು ಮನೆಗೆ ಹೋಗುತ್ತದೆ, ತೊಟ್ಟಿಲಶಾಸ್ತ್ರವೂ ಆಗುತ್ತದೆ. ನಾಲ್ಕೈದು ತಿಂಗಳಲ್ಲಿ ತಲೆ ದೊಡ್ಡದಾಗತೊಡಗುತ್ತದೆ, ಹಣೆ ಮತ್ತು ಕಣ್ಣಿನ ಸುತ್ತ ನೀಲಿ ನರಗಳು ಎದ್ದು ಕಾಣುತ್ತವೆ. ಅಭಿಧಮನಿಯಲ್ಲಿ ಒತ್ತಡ ಏರಿರುವುದರಿಂದ ಮೆದುಳಿನ ದ್ರವ ಹೀರಿಕೆಯಾಗದೆ ಒಳಗೇ ನಿಲ್ಲುತ್ತದೆ. ತಲೆಯಲ್ಲಿ ನೀರು ತುಂಬಿದೆ ಎಂದು ಅವಸರದಲ್ಲಿ ಶಂಟ್ ನಳಿಕೆ ಹಾಕಿಸುವುದು ಇಲ್ಲಿ ಅಪಾಯದ ಕೆಲಸ. ಸೋರಿಕೆಯನ್ನು ಮುಚ್ಚುವುದು ಮೊದಲು, ನೀರಿನ ವಿಚಾರ ಆಮೇಲೆ. ಹತ್ತು ರೂಪಾಯಿಯ ಟೇಪು ಇಲ್ಲಿ ದೊಡ್ಡ ಉಪಕರಣ. ದಿನ ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 34-35 ಸೆಂಟಿಮೀಟರ್. ಮೊದಲ ಮೂರು ತಿಂಗಳು ಅದು ತಿಂಗಳಿಗೆ ಸುಮಾರು 2 ಸೆಂಟಿಮೀಟರ್, ಮುಂದಿನ ಮೂರು ತಿಂಗಳು ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ತೂಕ ಮಾಡುವ ದಿನವೇ ಅಳೆದು ಬರೆದಿಟ್ಟರೆ ಗೆರೆ ಎಲ್ಲಿ ಜಿಗಿಯಿತು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಲಸಿಕೆ ಹಾಕಿಸಲು ತಪ್ಪದೆ ಬರುವ ಮಗುವಿನ ತಲೆಯನ್ನು ಒಮ್ಮೆಯೂ ಯಾರೂ ಅಳೆದಿರುವುದಿಲ್ಲ, ಇದು ನನ್ನ ಹಳೆಯ ಸಿಟ್ಟು.

ನಡುವೆ ಒಂದು ಮಾತು ಸೇರಿಸುತ್ತೇನೆ. ಹಸುಗೂಸಿನ ಮೆದುಳಿನಲ್ಲಿ ರಕ್ತಸ್ರಾವವಾದರೆ ಎಲ್ಲವೂ ನಾಳದ ದೋಷವಲ್ಲ. ಹುಟ್ಟಿದಾಗ ಕೊಡಬೇಕಾದ ಒಂದು ವಿಟಮಿನ್ ಕೆ ಚುಚ್ಚುಮದ್ದು ತಪ್ಪಿದ ಮಗುವಿಗೂ ಎರಡನೇ ವಾರದಿಂದಾಚೆ ತಲೆಯಲ್ಲಿ ರಕ್ತ ಸೋರಬಹುದು. ಮನೆಯಲ್ಲಿ ಹೆರಿಗೆಯಾದರೆ ಇದನ್ನು ಮೊದಲು ಕೇಳಿ. ಹಾಗೆಯೇ ಮಗುವಿಗೆ ಫಿಟ್ಸ್ ಬಂದರೆ 'ಬಾಲಗ್ರಹ' ಎಂದು ಬರೆ ಹಾಕಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಪೂರ್ತಿ ಸತ್ತಿಲ್ಲ. ಅದರ ಬಗ್ಗೆ ಇನ್ನೇನೂ ಹೇಳುವುದಿಲ್ಲ, ಅದು ನಿಲ್ಲಬೇಕು.

ಇನ್ನು ಚಿಕಿತ್ಸೆಯ ಚರಿತ್ರೆ. ತಲೆಬುರುಡೆ ತೆರೆದು ಆ ನಾಳಗಳನ್ನು ಕಟ್ಟಲು ಹೊರಟ ಕಾಲದಲ್ಲಿ ನವಜಾತ ಶಿಶುಗಳು ಹೆಚ್ಚುಕಡಿಮೆ ಎಲ್ಲವೂ ಸಾಯುತ್ತಿದ್ದವು. ಶಸ್ತ್ರಚಿಕಿತ್ಸಕರ ಕೈಚಳಕ ಕಡಿಮೆಯಿತ್ತೆಂದಲ್ಲ. ಸೋತ ಹೃದಯದ, ಕಾಲು ಲೀಟರ್ ರಕ್ತದ ಮಗು ಅಂಥ ಶಸ್ತ್ರಕ್ರಿಯೆಯನ್ನು ತಾಳಲಾರದು. ದಾರಿ ಬದಲಾದದ್ದು ನಾಳದ ಒಳಗಿನಿಂದಲೇ ಹೋಗಬಹುದು ಎಂದಾದ ಮೇಲೆ. ಅದರಲ್ಲಿ ಮರೆಯಬಾರದ ಹೆಸರು ಪ್ಯಾರಿಸ್ಸಿನ ದಕ್ಷಿಣಕ್ಕಿರುವ ಬಿಸೆಟ್ರ್ ಆಸ್ಪತ್ರೆಯ ಪಿಯೆರ್ ಲಾಜೋನಿಯಾಸ್ (1948-2008). ಇತಿಹಾಸ ಓದಿದವರಿಗೆ ಬಿಸೆಟ್ರ್ ಮನೋರೋಗಿಗಳ ಸರಪಳಿ ಕಳಚಿದ ಜಾಗವಾಗಿ ಗೊತ್ತಿರಬಹುದು. ಅದೇ ಆವರಣದಲ್ಲಿ ಈ ಮಕ್ಕಳಿಗೂ ಬಾಗಿಲು ತೆರೆಯಿತು.

ಕೆಲಸ ಹೀಗೆ ನಡೆಯುತ್ತದೆ. ಮಗುವಿಗೆ ಅರಿವಳಿಕೆ ಕೊಟ್ಟು, ತೊಡೆಯ ಸಂದಿಯಲ್ಲಿ ಎರಡು ಮೂರು ಮಿಲಿಮೀಟರ್ ಅಗಲದ ಅಪಧಮನಿಯನ್ನು ಹುಡುಕಿ, ಅದರೊಳಗೆ ನಳಿಕೆ ತೂರಿಸುತ್ತಾರೆ. ಹುಟ್ಟಿದ ಮೊದಲ ದಿನಗಳಲ್ಲಾದರೆ ಹೊಕ್ಕುಳಬಳ್ಳಿಯ ಅಪಧಮನಿಯೇ ದಾರಿಯಾಗಬಹುದು. ನಳಿಕೆಯೊಳಗೆ ಇನ್ನೊಂದು ನಳಿಕೆ. ಅದರ ತುದಿ ಅರ್ಧ ಮಿಲಿಮೀಟರಿಗಿಂತ ತುಸು ದಪ್ಪ. ಎಕ್ಸ್‌ರೇ ಪರದೆ ನೋಡುತ್ತ ಅದನ್ನು ಎದೆ, ಕುತ್ತಿಗೆ ದಾಟಿಸಿ ಮೆದುಳಿನ ನಡುವಿನ ತಪ್ಪು ಬಾಯಿಯ ತನಕ ತಂದು ಅಂಟು ಬಿಡುತ್ತಾರೆ. ಆ ಅಂಟು ಸೈನೋಅಕ್ರಿಲೇಟ್, ಅಂಗಡಿಯಲ್ಲಿ ಸಿಗುವ ಫೆವಿಕ್ವಿಕ್‌ನ ರಾಸಾಯನಿಕ ಕುಲದ್ದೇ, ವೈದ್ಯಕೀಯ ಬಳಕೆಗೆ ಮಾಡಿದ್ದು. ರಕ್ತ ತಾಕಿದ ಕೂಡಲೇ ಗಟ್ಟಿಯಾಗುತ್ತದೆ. ಬರಿಯ ಅಂಟು ಎಕ್ಸ್‌ರೇಯಲ್ಲಿ ಕಾಣದು. ಅದಕ್ಕೆ ಲಿಪಿಯೋಡಾಲ್ ಎಂಬ ಎಣ್ಣೆ ಬೆರೆಸುತ್ತಾರೆ. ಅಯೋಡಿನ್ ಸೇರಿಸಿದ ಗಸಗಸೆ ಎಣ್ಣೆ ಅದು! ಎಣ್ಣೆ ಹೆಚ್ಚಾದರೆ ಅಂಟು ನಿಧಾನವಾಗಿ ಗಟ್ಟಿಯಾಗುತ್ತದೆ, ಕಡಿಮೆಯಾದರೆ ಬೇಗ. ಬೇಗ ಗಟ್ಟಿಯಾದರೆ ನಳಿಕೆಯ ತುದಿಯೇ ಅಂಟಿಕೊಳ್ಳಬಹುದು. ತಡವಾದರೆ ಅಂಟು ಅಭಿಧಮನಿಯ ಕಡೆಗೆ ಜಾರಿ ಶ್ವಾಸಕೋಶ ಸೇರಬಹುದು. ಈ ಹದ ಅರಿಯಲು ವರ್ಷಗಳು ಬೇಕು. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಂಥ ಕಡೆ ಇಂಥ ಕೆಲಸದ ಪರಂಪರೆ ಬೆಳೆದಿದೆ. ಅಂಟು ಕೊಂಡರೆ ಕೇಂದ್ರವಾಗುವುದಿಲ್ಲ. ನವಜಾತರ ಅರಿವಳಿಕೆ ತಜ್ಞರು, ನವಜಾತರ ತೀವ್ರ ನಿಗಾ ಘಟಕದ (ಎನ್‌ಐಸಿಯು) ನರ್ಸುಗಳು, ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಒಂದೇ ಸೂರಿನಡಿ ಇರಬೇಕು.

ಲಾಜೋನಿಯಾಸ್ ಕೊಟ್ಟ ದೊಡ್ಡ ಕಾಣಿಕೆ, ನನ್ನ ದೃಷ್ಟಿಯಲ್ಲಿ, ಅಂಟಿನ ತಂತ್ರವಲ್ಲ. ಯಾವಾಗ ಕೈ ಹಾಕಬೇಕು, ಯಾವಾಗ ಕಾಯಬೇಕು, ಯಾವಾಗ ಕೈಬಿಡಬೇಕು ಎಂಬ ವಿವೇಕ. ಅದಕ್ಕೆಂದೇ ಅವರು ಮಗುವಿನ ಸ್ಥಿತಿಗೆ ಅಂಕ ಕೊಟ್ಟರು: ಹೃದಯ, ಮೆದುಳು, ಉಸಿರಾಟಕ್ಕೆ ಐದೈದು ಅಂಕ, ಯಕೃತ್ತು ಮತ್ತು ಮೂತ್ರಪಿಂಡಕ್ಕೆ ಮೂರು ಮೂರು, ಒಟ್ಟು 21. ಎಂಟಕ್ಕಿಂತ ಕಡಿಮೆಯಿದ್ದರೆ ಮಗುವನ್ನು ಹಿಂಸಿಸದಿರುವುದೇ ಲೇಸು ಎಂದರು. 8ರಿಂದ 12ರೊಳಗಿದ್ದರೆ ತುರ್ತು ಚಿಕಿತ್ಸೆ. ಅದಕ್ಕಿಂತ ಮೇಲಿದ್ದರೆ ಔಷಧದಲ್ಲಿ ಹೃದಯವನ್ನು ಕಾಪಾಡಿಕೊಂಡು ಐದನೇ ತಿಂಗಳ ತನಕ ಕಾಯುವುದು. ಆಗ ನಾಳಗಳು ಸ್ವಲ್ಪ ಬೆಳೆದಿರುತ್ತವೆ, ಮೆದುಳಿಗೂ ಇನ್ನೂ ಕಾಲ ಮಿಂಚಿರುವುದಿಲ್ಲ. ಒಂದೇ ಸಲಕ್ಕೆ ಎಲ್ಲವನ್ನೂ ಮುಚ್ಚುವ ಹಟವೂ ಬೇಡ, ಕಂತಿನಲ್ಲಿ ಮುಚ್ಚಿ ಎಂದರು. 1981ರಿಂದ 2002ರ ತನಕ ನೋಡಿದ 317 ಮಕ್ಕಳ ದಾಖಲೆಯನ್ನು ಅವರ ತಂಡ 2006ರಲ್ಲಿ ಪ್ರಕಟಿಸಿತು. ನಾಳದೊಳಗಿನ ಚಿಕಿತ್ಸೆ ಪಡೆದು ಲೆಕ್ಕಕ್ಕೆ ಸಿಕ್ಕ 216 ಮಕ್ಕಳಲ್ಲಿ 23 ತೀರಿಕೊಂಡವು. ಉಳಿದವರಲ್ಲಿ ನೂರಕ್ಕೆ 74 ಮಂದಿ ನರಗಳ ಪರೀಕ್ಷೆಯಲ್ಲಿ ಸಹಜವಾಗಿದ್ದರು. ಹುಟ್ಟಿದ ತಿಂಗಳೊಳಗೇ ಚಿಕಿತ್ಸೆ ಬೇಕಾದವರ ಫಲ ಇದಕ್ಕಿಂತ ಬಹಳ ಕೆಟ್ಟದ್ದು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಚಿಕಿತ್ಸೆಗೇ ಆರಿಸಿಕೊಳ್ಳದ ಮಕ್ಕಳು ಈ ಲೆಕ್ಕದಲ್ಲಿಲ್ಲ ಎಂಬುದನ್ನೂ ನೆನಪಿಡಬೇಕು.

ಈಗ ವಂಶದ ವಿಷಯ. ನಾನು ನಿಜವಾಗಿ ಹೇಳಬೇಕೆಂದು ಬಂದದ್ದು ಇದನ್ನೇ.

1998ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನ ಡೇವಿಡ್ ಆಂಡರ್ಸನ್ ಪ್ರಯೋಗಾಲಯ ಇಲಿಯ ಭ್ರೂಣದಲ್ಲಿ ಒಂದು ಸಂಗತಿಯನ್ನು ಕಂಡಿತು. ಅಪಧಮನಿ, ಅಭಿಧಮನಿ ಎಂಬ ಭೇದವನ್ನು ರಕ್ತದ ಒತ್ತಡವೇ ಮಾಡುತ್ತದೆ ಎಂದು ಅಲ್ಲಿಯತನಕ ಭಾವಿಸಿದ್ದರು. ಹಾಗಲ್ಲ, ಹರಿವು ಶುರುವಾಗುವ ಮುನ್ನವೇ ಅಪಧಮನಿಯಾಗುವ ಕೋಶಗಳ ಮೇಲೆ ಎಫ್ರಿನ್-ಬಿ2 ಎಂಬ ಅಣು, ಅಭಿಧಮನಿಯಾಗುವ ಕೋಶಗಳ ಮೇಲೆ ಅದರ ಜೋಡಿಯಾದ ಇಪಿಎಚ್‌ಬಿ4 ಎಂಬ ಅಣು ಇರುತ್ತವೆ. ಇವೆರಡರ ನಡುವಿನ ಮಾತುಕತೆಯಿಂದಲೇ ನಾಳಗಳು ತಮ್ಮ ತಮ್ಮ ಕಡೆ ನಿಲ್ಲುತ್ತವೆ. ಇನ್ನೊಂದು ಜೀನ್, ರಾಸಾ1, ಕೋಶದ ಒಳಗೆ ಬೆಳವಣಿಗೆಯ ಸಂದೇಶ ಅತಿಯಾಗದಂತೆ ತಡೆಯುತ್ತದೆ. ಇಪಿಎಚ್‌ಬಿ4 ಕೊಡುವ ಸೂಚನೆ ಈ ರಾಸಾ1ರ ಮೂಲಕವೇ ಒಳಗೆ ಸಾಗುತ್ತದೆ.

2003ರಲ್ಲಿ ಬ್ರಸೆಲ್ಸಿನ ಮಿಕ್ಕಾ ವಿಕ್ಕುಲಾ, ಲಾರೆನ್ಸ್ ಬೂನ್ ಅವರ ತಂಡ ಕೆಲವು ಕುಟುಂಬಗಳನ್ನು ಗಮನಿಸಿತು. ಆ ಮನೆಗಳ ಹಲವರ ಚರ್ಮದ ಮೇಲೆ ಸಣ್ಣ ಸಣ್ಣ ಕೆಂಪು ಮಚ್ಚೆಗಳಿದ್ದವು, ಕೆಲವರಿಗೆ ಅದರ ಜೊತೆಗೆ ನಾಳಗಳ ನೇರ ಜೋಡಣೆಯ ದೋಷವೂ ಇತ್ತು. ಕಾರಣ ರಾಸಾ1 ಜೀನಿನ ಒಂದು ಪ್ರತಿ ಕೆಟ್ಟಿದ್ದುದು. 2017ರಲ್ಲಿ ಅದೇ ತಂಡ ಇಪಿಎಚ್‌ಬಿ4ರಲ್ಲೂ ಅಂಥದ್ದನ್ನೇ ಕಂಡಿತು. ಮರುವರ್ಷ ಫ್ರಾನ್ಸಿನ ವೈದ್ಯರು, 2019ರಲ್ಲಿ ಅಮೆರಿಕದ ಯೇಲ್‌ನ ಕ್ರಿಸ್ಟೋಫರ್ ಕಾಲೆ ಮತ್ತು ಸಂಗಡಿಗರು, ವೀನ್ ಆಫ್ ಗೇಲನ್ ದೋಷದ ಮಕ್ಕಳಲ್ಲಿ ಇಪಿಎಚ್‌ಬಿ4 ಕೆಟ್ಟಿರುವುದನ್ನು ತೋರಿಸಿದರು. ಮಗುವಿನಲ್ಲಿದ್ದ ಬದಲಾವಣೆ ಎಷ್ಟೋ ಸಲ ಅಪ್ಪನಲ್ಲೋ ಅಮ್ಮನಲ್ಲೋ ಇತ್ತು. ಅವರು ಆರೋಗ್ಯವಾಗಿಯೇ ಇದ್ದರು. ಆದರೆ ಬಟ್ಟೆ ಸರಿಸಿ ನೋಡಿದಾಗ ಚರ್ಮದ ಮೇಲೆ ಮಚ್ಚೆಗಳಿದ್ದವು.

ವೀನ್ ಆಫ್ ಗೇಲನ್ ದೋಷವಿರುವ ಎಲ್ಲ ಮಕ್ಕಳಲ್ಲೂ ಜೀನಿನ ಕಾರಣ ಸಿಕ್ಕುವುದಿಲ್ಲ, ಒಂದು ಪಾಲಿನಲ್ಲಿ ಮಾತ್ರ ಸಿಗುತ್ತದೆ. ಒಂದೇ ಮನೆಯ ಎರಡು ಮಕ್ಕಳಿಗೆ ಈ ದೋಷ ಬರುವುದು ತೀರ ವಿರಳ. ಆದರೂ ಆ ಒಂದು ಪಾಲಿನವರಿಗಾಗಿ ಎಲ್ಲರನ್ನೂ ನೋಡಬೇಕಾಗುತ್ತದೆ.

ಒಂದು ಘಟನೆ. ಗುರುತು ಸಿಗದಂತೆ ಹೇಳುತ್ತೇನೆ. ಎನ್‌ಐಸಿಯು ಹೊರಗಿನ ಬೆಂಚಿನ ಮೇಲೆ ಮೂರು ತಲೆಮಾರು ಕುಳಿತಿತ್ತು. ಮಗುವಿನ ಅಜ್ಜಿ, ಅಂದರೆ ತಂದೆಯ ತಾಯಿ, ನಾನು ಕೇಳುವ ಮೊದಲೇ ಹೇಳಿದರು: "ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲ ಡಾಕ್ಟ್ರೇ. ಅವಳ ತವರಿನ ಕಡೆ ವಿಚಾರಿಸಿ." ಸೊಸೆ ತಲೆ ಎತ್ತಲಿಲ್ಲ. ಅವರದ್ದು ಸೋದರಮಾವನ ಮದುವೆ. ಹುಡುಗನೇ ಅವಳ ಮಾವ. ಹಾಗಾಗಿ ಅಜ್ಜಿ ದೂರುತ್ತಿದ್ದ ತವರು ತನ್ನ ಸ್ವಂತ ಮಗಳ ಮನೆಯೇ, ಅದು ಆ ಗಳಿಗೆಯಲ್ಲಿ ಅವರಿಗೆ ಹೊಳೆದಿರಲಿಲ್ಲ. ನಾನು ಗಂಡನನ್ನು ಪಕ್ಕದ ಕೋಣೆಗೆ ಕರೆದು ಅಂಗಿ ತೆಗೆಯಲು ಹೇಳಿದೆ. ಹೆಗಲ ಮೂಳೆಯ ಕೆಳಗೆ ಹೆಸರುಕಾಳಿನಷ್ಟರಿಂದ ಎಂಟಾಣೆ ಬಿಲ್ಲೆಯಷ್ಟರ ತನಕ ಏಳೆಂಟು ಗುಂಡನೆಯ ಕಂದುಗೆಂಪು ಮಚ್ಚೆಗಳು. ಎರಡರ ಸುತ್ತ ಬಣ್ಣ ತೆಳುವಾದ ಉಂಗುರ. "ಇದು ಯಾವಾಗಿಂದ ಇದೆಯಪ್ಪಾ?" "ಹುಟ್ಟಿದಾಗಿಂದ ಸಾರ್. ಗ್ರಹಣದಲ್ಲಿ ಅಮ್ಮ ಹೊರಗೆ ಬಂದಿದ್ದರಂತೆ, ಅದಕ್ಕೆ ಅಂತ ಹೇಳ್ತಾರೆ." ಅಜ್ಜಿಯ ಮೊಣಕೈ ಮೇಲೂ ಅಂಥದ್ದೇ ಎರಡು ಇದ್ದವು.

ಅಲ್ಲಿ ಯಾರನ್ನೂ ಗೆಲ್ಲಿಸುವುದು, ಸೋಲಿಸುವುದು ನನ್ನ ಕೆಲಸವಾಗಿರಲಿಲ್ಲ. ಸೊಸೆಯ ಮೇಲಿನ ಆಪಾದನೆಯನ್ನು ಕಿತ್ತು ಅತ್ತೆಯ ಮೇಲೆ ಇಟ್ಟರೆ ಆದ ಉಪಕಾರವೇನು? ಜೀನು ಕೊಟ್ಟವರು ಯಾರೂ ಬೇಕೆಂದು ಕೊಟ್ಟಿರುವುದಿಲ್ಲ. ಕೆಲವು ಸಲ ಯಾರೂ ಕೊಟ್ಟೇ ಇರುವುದಿಲ್ಲ, ಬದಲಾವಣೆ ಆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ.

ಈ ಮನೆಯವರು ಕೇಳಿದ ಇನ್ನೊಂದು ಪ್ರಶ್ನೆಯನ್ನು ನೀವೂ ಮನಸ್ಸಿನಲ್ಲಿ ಕೇಳುತ್ತಿದ್ದೀರಿ: ರಕ್ತಸಂಬಂಧದಲ್ಲಿ ಮದುವೆಯಾದದ್ದೇ ಕಾರಣವೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಸುಮಾರು ಕಾಲು ಭಾಗ ಮದುವೆಗಳು ನೆಂಟರೊಳಗೇ ಆಗುತ್ತವೆ. ಹೀಗಾಗಿ ನಮ್ಮಲ್ಲಿ ಮಕ್ಕಳ ಯಾವ ಕಾಯಿಲೆ ಬಂದರೂ ಬೊಟ್ಟು ಅಲ್ಲಿಗೇ ಹೋಗುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣಿಸುವ ಕಾಯಿಲೆಗಳಿಗೆ ಆ ಬೊಟ್ಟು ಸರಿ, ಅವು ನೆಂಟರ ಮದುವೆಯಲ್ಲಿ ಹೆಚ್ಚುತ್ತವೆ. ಆದರೆ ನಾನು ಹೇಳುತ್ತಿರುವ ನಾಳದೋಷಗಳಿಗೆ ಒಂದೇ ಕೆಟ್ಟ ಪ್ರತಿ ಸಾಕು. ಅದು ಅಪ್ಪನಿಂದಲೋ ಅಮ್ಮನಿಂದಲೋ ಪ್ರತಿ ಬಸುರಿಗೂ ನೂರಕ್ಕೆ ಐವತ್ತರ ಸಂಭವದಲ್ಲಿ ಬರುತ್ತದೆ. ಹುಡುಗಿಯನ್ನು ದೂರದ ಊರಿನಿಂದ ತಂದಿದ್ದರೂ ಲೆಕ್ಕ ಅದೇ. ಸೋದರಮಾವನ ಮದುವೆ ಬೇಡ ಎನ್ನಲು ಬೇರೆ ಒಳ್ಳೆಯ ಕಾರಣಗಳಿವೆ, ಅವನ್ನು ಹೇಳಿ. ಈ ಕಾಯಿಲೆಯನ್ನು ಅದಕ್ಕೆ ಸಾಕ್ಷಿಯಾಗಿ ಎಳೆಯಬೇಡಿ.

ಹಾಗಾದರೆ ಒಂದೇ ಜೀನು ಅಜ್ಜಿಗೆ ಎರಡು ಮಚ್ಚೆ, ಮಗನಿಗೆ ಎಂಟು, ಮೊಮ್ಮಗುವಿಗೆ ಹೃದಯವೇ ಸೋಲುವಂಥ ದೋಷ ಏಕೆ ಕೊಟ್ಟಿತು? 1971ರಲ್ಲಿ ಆಲ್ಫ್ರೆಡ್ ನಡ್ಸನ್ ಮಕ್ಕಳ ಕಣ್ಣಿನ ಕ್ಯಾನ್ಸರ್ ಕುರಿತು ಹೇಳಿದ ಮಾತು ಇಲ್ಲಿ ಸಹಾಯಕ್ಕೆ ಬರುತ್ತದೆ. ವಂಶದಿಂದ ಬಂದದ್ದು ಮೊದಲ ಪೆಟ್ಟು. ಬೆಳೆಯುತ್ತಿರುವ ಭ್ರೂಣದ ಯಾವುದೋ ಒಂದು ಕೋಶದಲ್ಲಿ ಉಳಿದ ಒಳ್ಳೆಯ ಪ್ರತಿಯೂ ಕೆಟ್ಟರೆ ಅದು ಎರಡನೇ ಪೆಟ್ಟು. ಎರಡನೆಯದು ಚರ್ಮದ ನಾಳದಲ್ಲಿ ಆದರೆ ಮಚ್ಚೆ. ಆರನೇ ಏಳನೇ ವಾರದಲ್ಲಿ, ಮೆದುಳಿನ ನಡುವಿನ ನಾಳದಲ್ಲಿ ಆದರೆ ಮಗು ಎನ್‌ಐಸಿಯುನಲ್ಲಿ. ರಾಸಾ1 ದೋಷದ ನಾಳಗಳಲ್ಲಿ ಇಂಥ ಎರಡನೇ ಪೆಟ್ಟಿನ ಪುರಾವೆ ಸಿಕ್ಕಿದೆ. ರಾಸಾ1 ಕೆಟ್ಟವರಲ್ಲಿ ನಾಳಗಳ ನೇರ ಜೋಡಣೆಯ ದೋಷ ಕಾಣುವುದು ಸುಮಾರು ಮೂರನೇ ಒಂದು ಭಾಗದವರಲ್ಲಿ, ಅದೂ ಎಲ್ಲರದ್ದು ತಲೆಯೊಳಗಲ್ಲ. ಮಚ್ಚೆ ಇದ್ದ ಮಾತ್ರಕ್ಕೆ ಹೆದರಿ ಕೂರಬೇಡಿ ಎನ್ನಲು ಇದನ್ನು ಹೇಳಿದೆ. ಎಷ್ಟೋ ಮಕ್ಕಳ ಕತ್ತಿನ ಹಿಂಭಾಗದಲ್ಲಿ, ರೆಪ್ಪೆಯ ಮೇಲೆ ಕಾಣುವ ತೆಳು ಗುಲಾಬಿ ಕಲೆ ಬೇರೆಯೇ. ಅದು ನಿರುಪದ್ರವಿ. ನಾನು ಹೇಳುವುದು ಅಲ್ಲಲ್ಲಿ ಚದುರಿದ, ಹಲವಾಗಿರುವ, ಒಂದೇ ಮನೆಯ ಹಲವರಲ್ಲಿರುವ ಮಚ್ಚೆಗಳ ಬಗ್ಗೆ.

ಈಗ, ಆರಂಭದಲ್ಲಿ ಹೇಳಿದ ಅಜ್ಜಿಯ ತುಟಿಯ ವಿಷಯ. ಪದೇಪದೇ ಮೂಗಿನಲ್ಲಿ ರಕ್ತ ಬಂದರೆ ನಾವು 'ಉಷ್ಣ' ಎನ್ನುತ್ತೇವೆ, ಎಳನೀರು ಕುಡಿಸುತ್ತೇವೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದರಿಂದ ತೊಂದರೆಯೂ ಇಲ್ಲ. ಆದರೆ ತಾತನಿಗೂ, ಚಿಕ್ಕಪ್ಪನಿಗೂ, ಅಣ್ಣನಿಗೂ ವರ್ಷವಿಡೀ ಮೂಗು ಸುರಿಯುತ್ತಿದ್ದರೆ, ತುಟಿ, ನಾಲಗೆ, ಬೆರಳ ತುದಿಯಲ್ಲಿ ಗುಂಡುಸೂಜಿ ತಲೆಯಷ್ಟು ಕೆಂಪು ಚುಕ್ಕೆಗಳಿದ್ದರೆ, ಅದು ಬೇರೆ ಕಥೆ. ಇಂಥ ಮನೆಗಳ ಬಗ್ಗೆ 1865ರಲ್ಲೇ ಬ್ಯಾಬಿಂಗ್ಟನ್ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದ. ಆಮೇಲೆ ರಾಂಡು, ಆಸ್ಲರ್, ವೆಬರ್ ಮೂವರ ಹೆಸರು ಅಂಟಿತು. ಈಗ ಎಚ್‌ಎಚ್‌ಟಿ ಎನ್ನುತ್ತಾರೆ. ಸುಮಾರು 5,000 ಮಂದಿಗೆ ಒಬ್ಬರಲ್ಲಿರುವ ಕಾಯಿಲೆ, ಅಂದರೆ ಅಷ್ಟೇನೂ ವಿರಳವಲ್ಲ. ಇದಕ್ಕೆ ಕಾರಣವಾಗುವ ಎಂಡೋಗ್ಲಿನ್ ಜೀನು 1994ರಲ್ಲಿ, ಎಸಿವಿಆರ್‌ಎಲ್1 1996ರಲ್ಲಿ ಪತ್ತೆಯಾದವು. ಈ ಕಾಯಿಲೆಯಿರುವ ಹತ್ತರಲ್ಲಿ ಒಬ್ಬರಿಗೆ ಮೆದುಳಿನಲ್ಲೂ ನಾಳದೋಷ ಇರುತ್ತದೆ. ತೊಡಕೆಂದರೆ, ಮೂಗಿನ ರಕ್ತ ಶುರುವಾಗುವುದು ಸಾಮಾನ್ಯವಾಗಿ ಹನ್ನೆರಡರ ಆಸುಪಾಸಿನಲ್ಲಿ. ಹಸುಗೂಸಿಗೆ ಮೂಗೂ ಚೊಕ್ಕಟ, ತುಟಿಯೂ ಚೊಕ್ಕಟ. ಆದರೆ ಮೆದುಳಿನ ನಾಳ ಒಡೆಯಲು ಹನ್ನೆರಡು ವರ್ಷ ಕಾಯುವುದಿಲ್ಲ. ಆದ್ದರಿಂದಲೇ ಇಂಥ ಮನೆಯಲ್ಲಿ ಹುಟ್ಟಿದ ಮಗುವಿಗೆ ಲಕ್ಷಣವಿಲ್ಲದಿದ್ದರೂ ಜೀನು ಪರೀಕ್ಷೆ, ಮೆದುಳಿನ ಎಮ್ಆರ್‌ಐ ಮಾಡಿಸಿ ಎಂದು 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಮಗುವಿನ ಮೈಯಲ್ಲಿ ಇನ್ನೂ ಬರೆಯದೆ ಇರುವುದು ತಾತನ ಮೂಗಿನಲ್ಲಿ ಬರೆದಿರುತ್ತದೆ.

ಈ ದೋಷದ ಇನ್ನೊಬ್ಬ ನೆಂಟ ಕ್ಯಾವರ್ನೋಮಾ. ಗೋಡೆ ತೆಳುವಾದ ನಾಳಗಳ ಗೊಂಚಲು, ನಿಧಾನ ಹರಿವು, ಆಂಜಿಯೋಗ್ರಾಮಿನಲ್ಲಿ ಕಾಣದು, ಎಮ್ಆರ್‌ಐಯಲ್ಲೇ ನೋಡಬೇಕು. ವಂಶದಲ್ಲಿ ಬಂದಾಗ ಇದಕ್ಕೆ ಕಾರಣವಾಗುವ ಮೂರು ಜೀನುಗಳಿವೆ. ಪಿಡಿಸಿಡಿ10 ಕೆಟ್ಟ ಮನೆಗಳಲ್ಲಿ ಚಿಕ್ಕ ವಯಸ್ಸಿಗೇ ರಕ್ತಸ್ರಾವ ಹೆಚ್ಚು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ನೂರಾರು ವರ್ಷ ಹಿಂದೆ ಬಂದು ನೆಲೆಸಿದ ಸ್ಪ್ಯಾನಿಷ್ ವಲಸೆಗಾರರ ಸಂತತಿಯಲ್ಲಿ ಕ್ರಿಟ್1 ಜೀನಿನ ಒಂದೇ ಬದಲಾವಣೆ ಇಂದಿಗೂ ಹರಿದು ಬರುತ್ತಿದೆ.

ಮುಖದ ಅರ್ಧಕ್ಕೆ, ಹಣೆಯ ಮೇಲೆ ದ್ರಾಕ್ಷಿ ಬಣ್ಣದ ದೊಡ್ಡ ಕಲೆಯೊಂದಿಗೆ ಹುಟ್ಟುವ ಸ್ಟರ್ಜ್-ವೆಬರ್ ಮಕ್ಕಳೂ ಇದ್ದಾರೆ. ಅವರಿಗೆ ಮೆದುಳಿನ ಹೊದಿಕೆಯ ನಾಳಗಳಲ್ಲೂ ದೋಷವಿದ್ದು ಫಿಟ್ಸ್ ಬರಬಹುದು. ಆದರೆ ಇದು ವಂಶದ್ದಲ್ಲ. ಜಿಎನ್‌ಎಕ್ಯೂ ಜೀನು ಭ್ರೂಣದ ಕೆಲವೇ ಕೋಶಗಳಲ್ಲಿ ಕೆಟ್ಟಿರುತ್ತದೆ ಎಂದು 2013ರಲ್ಲಿ ಗೊತ್ತಾಯಿತು. ಅಪ್ಪ ಅಮ್ಮನಲ್ಲಿ ಅದು ಇರುವುದಿಲ್ಲ, ಮುಂದಿನ ಮಗುವಿಗೂ ಬರುವುದಿಲ್ಲ. ಎಲ್ಲ ಮಚ್ಚೆಯನ್ನೂ ಒಂದೇ ಗಂಟಿಗೆ ಕಟ್ಟಬಾರದು.

ಬಸುರಿನಲ್ಲೇ ಗೊತ್ತಾಗುವುದಿಲ್ಲವೇ ಎಂದು ಕೇಳುತ್ತೀರಿ. ಐದನೇ ತಿಂಗಳ ಸ್ಕ್ಯಾನಿನಲ್ಲಿ ವೀನ್ ಆಫ್ ಗೇಲನ್ ದೋಷ ಸಾಮಾನ್ಯವಾಗಿ ಕಾಣುವುದಿಲ್ಲ. ಏಳು ತಿಂಗಳಾದ ಮೇಲೆ, ತಲೆಯ ನಡುವೆ ಕಪ್ಪು ಗುಳ್ಳೆಯಂತೆ ಕಾಣುತ್ತದೆ. ನೀರುಗುಳ್ಳೆ ಎಂದು ಬಿಟ್ಟರೆ ಹೋಯಿತು, ಕಲರ್ ಡಾಪ್ಲರ್ ಗುಂಡಿ ಒತ್ತಿದರೆ ಅದು ರಕ್ತವೆಂದು ತಿಳಿಯುತ್ತದೆ. ತಿಳಿದರೆ ಹೆರಿಗೆಯನ್ನು ಎನ್‌ಐಸಿಯು ಇರುವ ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಬಹುದು. ಬಹುಪಾಲು ಲಾಭ ಇದೇ. 2023ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ಡ್ಯಾರೆನ್ ಆರ್ಬಾಕ್ ಅವರ ತಂಡ 34 ವಾರದ ಭ್ರೂಣದ ತಲೆಬುರುಡೆಯ ಮೂಲಕ ಸೂಜಿ ತೂರಿಸಿ, ಗರ್ಭದಲ್ಲಿರುವಾಗಲೇ ಆ ನಾಳಕ್ಕೆ ಸುರುಳಿಗಳನ್ನು ತುಂಬಿತು. ಎರಡು ದಿನದಲ್ಲಿ ಹುಟ್ಟಿದ ಮಗುವಿಗೆ ಹೃದಯದ ಔಷಧವೇ ಬೇಕಾಗಲಿಲ್ಲ. ಸುದ್ದಿ ಎಲ್ಲ ಕಡೆ ಬಂತು. ಅದು ಪರೀಕ್ಷಾರ್ಥ ಚಿಕಿತ್ಸೆ, ಆರಿಸಿದ ಕೆಲವರಿಗೆ ಮಾತ್ರ. ನಮ್ಮ ಊರಿನ ಮಗುವಿಗೆ ಇವತ್ತು ಬೇಕಿರುವುದು ಡಾಪ್ಲರ್ ಗುಂಡಿ ಮತ್ತು ಹೊತ್ತಿಗೆ ಸರಿಯಾದ ಆಂಬುಲೆನ್ಸ್.

ಕೊನೆಗೆ ಕಾಗದದ ವಿಷಯ. ಜೀನು ಪರೀಕ್ಷೆಯ ವರದಿ ಬಂದಾಗ ಮನೆಯವರು ಮೊದಲು ಕೇಳುವುದು "ಇದನ್ನು ಯಾರಿಗಾದರೂ ಹೇಳಬೇಕಾ?" ಎಂದು. ಅವರ ಕಣ್ಣೆದುರು ಮದುವೆಗೆ ಬಂದ ನಾದಿನಿ ಇರುತ್ತಾಳೆ. ಅವರ ಭಯ ನನಗೆ ಅರ್ಥವಾಗುತ್ತದೆ. ಊರಿಗೆಲ್ಲ ಸಾರಬೇಕಾಗಿಲ್ಲ. ಆದರೆ ಆ ನಾದಿನಿಗೆ ಹೇಳಲೇಬೇಕು. ಎಚ್‌ಎಚ್‌ಟಿ ಇರುವ ಹೆಣ್ಣುಮಗಳು ಬಸುರಿಯಾಗುವ ಮೊದಲು ಶ್ವಾಸಕೋಶದ ನಾಳಗಳನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು, ಬಸುರಿನಲ್ಲಿ ಆ ನಾಳ ಒಡೆದರೆ ತಾಯಿಯ ಜೀವಕ್ಕೇ ಕುತ್ತು. ಇದು ಗೊತ್ತಿದ್ದರೆ ತಪ್ಪಿಸಬಹುದಾದ ಸಾವು. ಅದಕ್ಕೆ ನನ್ನ ಕೋರಿಕೆ ಇಷ್ಟು: ಅಂಥ ವರದಿ ಮನೆಗೆ ಬಂದರೆ ಅದರ ಎರಡು ಮೂರು ಜೆರಾಕ್ಸ್ ಮಾಡಿಸಿ. ಒಂದನ್ನು ಮಗುವಿನ ತಾಯಿ ಕಾರ್ಡಿನ ಜೊತೆ ಇಡಿ, ಒಂದನ್ನು ಅಣ್ಣನ ಮನೆಗೆ ಕಳಿಸಿ, ಒಂದನ್ನು ತಂಗಿಯ ಕೈಗೆ ಕೊಡಿ. ಅವಳು ಮೊದಲ ಬಸುರಿಗೂ ಮುಂಚೆ ಡಾಕ್ಟರ ಬಳಿ ಹೋದಾಗ ಆ ಕಾಗದ ಅವಳ ಬ್ಯಾಗಿನಲ್ಲಿರಲಿ.